ಪುಟ್ಟ ಮಕ್ಕಳಿಗೆ ಬ್ಯಾಲೆನ್ಸ್ ಬೈಕ್ ಬೇಕೇ?

(ಸ್ವಸಹಾಯ ಸಂಘಗಳ ತಾಯಂದಿರ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಉಳಿತಾಯ, ಸಾಲ, ಮಕ್ಕಳ ತೂಕ, ಚುಚ್ಚುಮದ್ದು ಇಂಥ ವಿಷಯಗಳು ಬರುತ್ತವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಪೆಡಲ್ ಇಲ್ಲದ, ಚೈನ್ ಇಲ್ಲದ ಪುಟ್ಟ ಸೈಕಲ್ ಒಂದು ಈಗ ಬಂದಿದೆ. ಮಗು ಅದರ ಮೇಲೆ ಕುಳಿತು ಎರಡೂ ಕಾಲಿನಿಂದ ನೆಲ ತಳ್ಳಿಕೊಂಡು ಹೋಗುತ್ತದೆ. ಇದಕ್ಕೆ ಬ್ಯಾಲೆನ್ಸ್ ಬೈಕ್ ಅಂತ ಹೆಸರು. ಫೋನಿನಲ್ಲಿ ಇದರ ಚಿತ್ರ ನೋಡಿದ ಕೆಲವು ತಾಯಂದಿರು, "ಇದು ಒಳ್ಳೇದಾ? ಸಂಘದಿಂದ ಸಾಲ ತೆಗೆದು ಕೊಡಿಸಬಹುದಾ?" ಅಂತ ಕೇಳಿದ್ದಾರೆ. ಎರಡು ಪ್ರಶ್ನೆಗೂ ಬೇರೆ ಬೇರೆ ಉತ್ತರ ಇದೆ. ಒಳ್ಳೇದು ಹೌದು. ಸಾಲ ಮಾತ್ರ ಬೇಡ. ಯಾಕೆ ಅಂತ ಹೇಳ್ತೇನೆ.

ಸೈಕಲ್ ಕಲಿಯೋದು ಅಂದರೆ ಎರಡು ವಿದ್ಯೆ ಕಲಿಯೋದು. ಒಂದು ಪೆಡಲ್ ತುಳಿಯೋದು, ಇನ್ನೊಂದು ಬೀಳದೆ ಇರೋದು. ತುಳಿಯೋದು ಸುಲಭ, ಮೂರು ಚಕ್ರದ ಸೈಕಲ್‌ನಲ್ಲೇ ಮಗು ಅದನ್ನು ಕಲಿತುಬಿಡುತ್ತದೆ. ಕಷ್ಟ ಇರೋದು ಎರಡನೆಯದರಲ್ಲಿ. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನೂ ಸ್ವಲ್ಪ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ನಮ್ಮ ದೇಹದ ಅಡಿಗೆ ಬಂದು ಸೈಕಲ್ ಮತ್ತೆ ನೆಟ್ಟಗಾಗುತ್ತದೆ. ಇದನ್ನು ಬಾಯಲ್ಲಿ ಹೇಳಿಕೊಡೋಕೆ ಆಗಲ್ಲ. ದೇಹವೇ ವಾಲಿ ವಾಲಿ ಕಲಿಯಬೇಕು.

ಈಗ ನಾವು ಮಾಡೋದೇನು? ಚಿಕ್ಕ ಸೈಕಲ್ ತಂದು ಹಿಂದೆ ಎರಡು ಸೈಡ್ ಚಕ್ರ ಹಾಕಿಸುತ್ತೇವೆ. ಮಗು ಬೀಳೋದಿಲ್ಲ, ನಮಗೂ ಸಮಾಧಾನ. ಆದರೆ ಆ ಸೈಡ್ ಚಕ್ರಗಳು ಸೈಕಲ್ಲನ್ನು ವಾಲೋದಕ್ಕೇ ಬಿಡುವುದಿಲ್ಲ. ವಾಲದೆ ಇದ್ದರೆ ಸಮತೋಲನ ಕಲಿಯೋದು ಹೇಗೆ? ಮಗು ಎರಡು ವರ್ಷ ಆಟೋರಿಕ್ಷಾ ಓಡಿಸಿದ ಹಾಗೆ ಓಡಿಸಿ, ಸೈಡ್ ಚಕ್ರ ಬಿಚ್ಚಿದ ದಿನ ಮೊದಲಿನಿಂದ ಕಲಿಯಬೇಕಾಗುತ್ತದೆ. ಬ್ಯಾಲೆನ್ಸ್ ಬೈಕ್ ಇದನ್ನು ತಿರುವುಮುರುವು ಮಾಡುತ್ತದೆ. ಕಷ್ಟದ ವಿದ್ಯೆ ಮೊದಲು, ಸುಲಭದ್ದು ಆಮೇಲೆ. ಕಾಲು ನೆಲದಲ್ಲೇ ಇರುವುದರಿಂದ ಮಗುವಿಗೆ ಹೆದರಿಕೆ ಕಡಿಮೆ. ಮೊದಲು ನಡೆಯುತ್ತದೆ, ಆಮೇಲೆ ಓಡುತ್ತದೆ, ಒಂದು ದಿನ ಎರಡೂ ಕಾಲು ಎತ್ತಿ ತೇಲಿಕೊಂಡು ಹೋಗುತ್ತದೆ. ಅಲ್ಲಿಗೆ ಮುಖ್ಯ ಪಾಠ ಮುಗಿದಂತೆ.

ಪೋರ್ಚುಗಲ್ ದೇಶದ ಸಂಶೋಧಕರು ಈ ಬಗ್ಗೆ ಜನರನ್ನು ಕೇಳಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬ್ಯಾಲೆನ್ಸ್ ಬೈಕಿನಿಂದ ಶುರು ಮಾಡಿದವರು ಸರಾಸರಿ 4 ವರ್ಷ ದಾಟಿದಾಗ, ಸೈಡ್ ಚಕ್ರದಿಂದ ಶುರು ಮಾಡಿದವರು 6 ವರ್ಷದ ಹತ್ತಿರ, ಎರಡೂ ಇಲ್ಲದೆ ನೇರವಾಗಿ ದೊಡ್ಡ ಸೈಕಲ್ ಹತ್ತಿದವರು 7 ವರ್ಷ ದಾಟಿದ ಮೇಲೆ ಸೈಕಲ್ ಕಲಿತಿದ್ದರು. ಇದು ನೆನಪಿನಿಂದ ಹೇಳಿದ ಲೆಕ್ಕ. ಬ್ಯಾಲೆನ್ಸ್ ಬೈಕ್ ಕೊಳ್ಳುವ ಅಪ್ಪ ಅಮ್ಮ ಮಗುವಿನ ಜೊತೆ ಹೆಚ್ಚು ಹೊತ್ತು ಕಳೆದಿರಲೂಬಹುದು. ಆದರೂ ದಾರಿ ಯಾವ ಕಡೆ ಅಂತ ಇದು ತೋರಿಸುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. ಜರ್ಮನಿಯ ಮಾನ್‌ಹೈಮ್ ಎಂಬ ಊರಿನಲ್ಲಿ 1817ರಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬವರು ಓಡಿಸಿದ ಮೊತ್ತಮೊದಲ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ಕಾಲಿನಿಂದ ತಳ್ಳಿಕೊಂಡೇ ಹೋಗಬೇಕಿತ್ತು. ಪೆಡಲ್ ಹಾಕಿದ ಸೈಕಲ್ ಫ್ರಾನ್ಸಿನಲ್ಲಿ ಹೆಸರು ಮಾಡಿದ್ದು 1860ರ ದಶಕದಲ್ಲಿ. ಅಷ್ಟು ದೂರ ಯಾಕೆ, ನಮ್ಮ ಊರುಗಳನ್ನೇ ನೋಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಕಲಿತವರು ಈ ಸಭೆಯಲ್ಲೇ ಇದ್ದೀರಿ. ಮೊದಲು ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ಕಾಲಿನಿಂದ ನೆಲ ತಳ್ಳಿಕೊಂಡು ಹೋಗುತ್ತಿದ್ದಿರಿ. "ಬ್ಯಾಲೆನ್ಸ್ ಸಿಕ್ತು" ಅಂದ ಮೇಲೆ ತಾನೇ ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆದದ್ದು? ಬ್ಯಾಲೆನ್ಸ್ ಬೈಕ್ ಮಾಡುವುದು ಇದನ್ನೇ.

ಇನ್ನು ಹಣದ ಮಾತು. ಅಂಗಡಿಯಲ್ಲಿ ಇದಕ್ಕೆ ಸಾವಿರಗಟ್ಟಲೆ ರೂಪಾಯಿ ಕೊಡಬೇಕು. ಮಗು ಅದನ್ನು ಓಡಿಸೋದು ಒಂದೆರಡು ವರ್ಷ ಮಾತ್ರ, ಆಮೇಲೆ ಅದು ಚಿಕ್ಕದಾಗುತ್ತದೆ. ಹೊಲಿಗೆ ಯಂತ್ರಕ್ಕೆ, ಮೇಕೆಗೆ, ಆಸ್ಪತ್ರೆ ಖರ್ಚಿಗೆ ಇರುವ ಸಂಘದ ಹಣವನ್ನು ಇದಕ್ಕೆ ಸಾಲ ಎತ್ತಬೇಡಿ. ಬೇರೆ ದಾರಿ ಇದೆ.

ಮಗುವಿಗೆ ಮೂರೂವರೆ, ನಾಲ್ಕು ವರ್ಷ ಆಗಿದ್ದರೆ ಯಾರದಾದರೂ ಮನೆಯಲ್ಲಿ ಮೂಲೆಗೆ ಬಿದ್ದಿರುವ ಚಿಕ್ಕ ಸೈಕಲ್ ತನ್ನಿ. ಸೈಡ್ ಚಕ್ರ ಬಿಚ್ಚಿ, ಪೆಡಲ್ಲನ್ನೂ ಬಿಚ್ಚಿ. ಬಲಗಡೆ ಪೆಡಲ್ ಎಲ್ಲ ಬೋಲ್ಟಿನಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬರುತ್ತದೆ. ಎಡಗಡೆಯದು ಉಲ್ಟಾ, ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿದರೆ ಇನ್ನಷ್ಟು ಬಿಗಿಯಾಗುತ್ತದೆ. ಸೈಕಲ್ ಶಾಪಿನವರಿಗೆ ಇದು ಎರಡು ನಿಮಿಷದ ಕೆಲಸ. ಮಗು ಕುಳಿತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ, ಮೊಣಕಾಲು ಸ್ವಲ್ಪ ಬಾಗುವಷ್ಟು ಸೀಟ್ ಇಳಿಸಿ. ಅಷ್ಟೇ, ನಿಮ್ಮ ಬ್ಯಾಲೆನ್ಸ್ ಬೈಕ್ ತಯಾರು. ಮಗು ಕಾಲೆತ್ತಿ ತೇಲುವುದನ್ನು ಕಲಿತ ಮೇಲೆ ಪೆಡಲ್ ವಾಪಸ್ ಹಾಕಿದರಾಯಿತು.

ಹಾಗಾದರೆ ಅಂಗಡಿಯದು ಯಾರಿಗೆ ಬೇಕು? ಎರಡು, ಎರಡೂವರೆ ವರ್ಷದ ಮಗುವಿಗೆ. ಆ ವಯಸ್ಸಿನ ಮಗು 12 ಕಿಲೋ ಆಸುಪಾಸು ತೂಗುತ್ತದೆ. ಕಬ್ಬಿಣದ ಚಿಕ್ಕ ಸೈಕಲ್ ಏಳೆಂಟು ಕಿಲೋ ಇದ್ದರೆ ಅದನ್ನು ಹಿಡಿದು ನಿಲ್ಲಿಸಲು ಆ ಮಗುವಿನಿಂದ ಆಗುವುದಿಲ್ಲ. ಮೂರು ನಾಲ್ಕು ಕಿಲೋ ತೂಗುವ ಬ್ಯಾಲೆನ್ಸ್ ಬೈಕ್ ಆದರೆ ಆಗುತ್ತದೆ. ಆದರೆ ಎರಡು ವರ್ಷಕ್ಕೇ ಕಲಿಯದಿದ್ದರೆ ನಷ್ಟವೇನೂ ಇಲ್ಲ. ಆಸೆ ಇದ್ದರೆ ನಾಲ್ಕೈದು ಮನೆಯವರು ಸೇರಿ ಒಂದು ಕೊಳ್ಳಿ, ಅಥವಾ ಬಾಲವಾಡಿಗೆ ಒಂದು ಇಟ್ಟುಕೊಳ್ಳಿ. ಒಂದು ಮಗು ಬಿಟ್ಟಾಗ ಇನ್ನೊಂದು ಮಗುವಿಗೆ ಸಿಗುತ್ತದೆ.

ಎಚ್ಚರಿಕೆಯ ಮಾತು ಕೂಡ ಹೇಳಬೇಕು. ಈ ಬೈಕುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇಲ್ಲ. ಮಗುವಿನ ಕಾಲೇ ಬ್ರೇಕ್. ಆದ್ದರಿಂದ ಬರಿಗಾಲಲ್ಲಿ ಬಿಡಬೇಡಿ, ಇಳಿಜಾರಿನಲ್ಲಿ ಬಿಡಲೇಬೇಡಿ. ರಸ್ತೆ, ಬಾವಿ, ಕೆರೆ ಹತ್ತಿರ ಬೇಡ. ಶಾಲೆ ಮೈದಾನ, ಚರ್ಚ್ ಅಂಗಳ, ಕಣ ಇಂಥ ಸಮತಟ್ಟಾದ ಜಾಗ ಸಾಕು. ತಲೆಗೆ ಅಳತೆಯ ಹೆಲ್ಮೆಟ್ ಇರಲಿ. ಬೆನ್ನಹಿಂದೆ ಹಿಡಿದುಕೊಂಡು ಓಡಬೇಡಿ, ಪಕ್ಕದಲ್ಲಿ ನಡೆಯಿರಿ. ನೀವು ಹಿಡಿದರೆ ಮಗು ವಾಲುವುದಿಲ್ಲ, ಕಲಿಯುವುದೂ ಇಲ್ಲ. ಮಗು ಬೇಡ ಅಂದ ದಿನ ಬಿಟ್ಟುಬಿಡಿ.

"ಸೈಕಲ್ ಕಲಿಯೋಕೆ ಇಷ್ಟೆಲ್ಲ ಯಾಕೆ?" ಅಂತ ಯಾರಾದರೂ ಕೇಳಬಹುದು. ಎರಡು ಕಾರಣ. ಒಂದು, ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಕೈ ಆಡಿಸಬೇಕು, ಒಂದು ಗಂಟೆಗಿಂತ ಹೆಚ್ಚು ಪರದೆ ನೋಡುತ್ತಾ ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ಊಟ ಮಾಡಿಸೋಕೂ ಫೋನ್ ಬೇಕಾಗಿದೆ, ಅಲ್ವಾ?

ಎರಡನೆಯದು ಹೆಣ್ಣುಮಕ್ಕಳ ವಿಷಯ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಸೈಕಲ್ ಮನೆಗೆ ಬಂದರೂ ಹುಡುಗಿಗೆ ಓಡಿಸೋಕೆ ಬರದಿದ್ದರೆ ಅದು ಅಣ್ಣನ ಪಾಲಾಗುತ್ತದೆ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ನೀರು ತರೋಕೆ, ಕೆಲಸಕ್ಕೆ, ಸಂತೆಗೆ ಯಾರನ್ನೂ ಕಾಯದೆ ಹೋಗುವಂತಾದರು. ಓದು ಕಲಿತಷ್ಟೇ ದೊಡ್ಡ ಬದಲಾವಣೆ ಅದು. ಆದ್ದರಿಂದ ಮಗನಿಗೆ ಸೀಟ್ ಇಳಿಸಿಕೊಟ್ಟರೆ ಮಗಳಿಗೂ ಇಳಿಸಿಕೊಡಿ. ನಿಮ್ಮಲ್ಲಿ ಕಲಿಯದೇ ಉಳಿದವರು ಇದ್ದರೆ ನಾಚಿಕೆ ಬೇಡ. ಪೆಡಲ್ ಬಿಚ್ಚಿ ಸೀಟ್ ಇಳಿಸುವ ಈ ಉಪಾಯ ನಲವತ್ತು ವರ್ಷದವರಿಗೂ ನಡೆಯುತ್ತದೆ.

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿ ಬಳಸದೆ ಇಟ್ಟಿರುವ ಚಿಕ್ಕ ಸೈಕಲ್ ಇದ್ದರೆ ತನ್ನಿ. ಸ್ಪ್ಯಾನರ್ ನಾವು ಇಟ್ಟಿರುತ್ತೇವೆ. ಹಿಂದೆ ನಿಂತ ಅಪ್ಪಂದಿರು ಅವತ್ತು ಮುಂದೆ ಬರಬೇಕು. ಸಂಜೆ ಅರ್ಧ ಗಂಟೆ ಮಗುವಿನ ಪಕ್ಕ ನಡೆಯುವ ಒಬ್ಬರು ಇರದಿದ್ದರೆ ಎಷ್ಟು ಬೆಲೆಯ ಬೈಕ್ ತಂದರೂ ಪ್ರಯೋಜನವಿಲ್ಲ. ಆ ಅರ್ಧ ಗಂಟೆಯನ್ನು ಯಾವ ಅಂಗಡಿಯೂ ಮಾರೋದಿಲ್ಲ.