ಎರಡು ಎಂಜಿನ್ನಿನ ಕೆಂಪು ಬಂಡಿ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಮೆಟ್ರಿಕ್‌ವರೆಗೆ. ಎಂಜಿನಿಯರಲ್ಲದಿದ್ದರೂ ರೈಲಿನ ಹುಚ್ಚು ಚಿಕ್ಕಂದಿನಿಂದ ಇದೆ. ನಮ್ಮ ಆದವಾನಿಗೆ ಹತ್ತಿರದ ಗುತ್ತಿಯ ಡೀಸೆಲ್ ಶೆಡ್ಡಿನಲ್ಲಿ ಹಿಂದೆ ಜರ್ಮನಿಯ ಹೆನ್ಷೆಲ್ ಕಂಪನಿಯ ಎಂಟು ಎಂಜಿನ್ನುಗಳಿದ್ದವು. 1970ರಲ್ಲಿ ಬಂದವು. ಬೇರೆ ಡೀಸೆಲ್ ಎಂಜಿನ್ನುಗಳಲ್ಲಿ ಚಕ್ರ ತಿರುಗಿಸಲು ವಿದ್ಯುತ್ ಮೋಟಾರು ಇದ್ದರೆ, ಇವುಗಳಲ್ಲಿ ಆ ಕೆಲಸ ಎಣ್ಣೆಯದು. ಈ ಪದ್ಧತಿಗೆ ಹೆಸರು ತಂದ ಹಿರಿಯಣ್ಣ ಒಬ್ಬನಿದ್ದ. ಅವನೇ ಜರ್ಮನಿಯ ವಿ 200. ಇಂದು ಅವನ ಕಥೆ ಹೇಳುತ್ತೇನೆ.

ಡೀಸೆಲ್ ಎಂಜಿನ್ನಿಗೆ ಒಂದು ಕೊರತೆ ಇದೆ. ನಿಂತಲ್ಲಿಂದಲೇ ಭಾರ ಎಳೆಯಲು ಅದಕ್ಕಾಗದು. ಲಾರಿಯನ್ನು ಟಾಪ್ ಗೇರಿನಲ್ಲಿಟ್ಟು ಹೊರಡಿಸಿ ನೋಡಿ, ನಿಂತುಬಿಡುತ್ತದೆ. 1912ರಲ್ಲಿ ರುಡಾಲ್ಫ್ ಡೀಸೆಲ್‌ರೇ ಸೇರಿ ಮಾಡಿಸಿದ ಮೊದಲ ದೊಡ್ಡ ರೈಲು ಎಂಜಿನ್ ಸೋತದ್ದೂ ಇಂಥ ತೊಡಕಿನಿಂದಲೇ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಒಬ್ಬ ಮಧ್ಯಸ್ಥ ಬೇಕು. ಅಮೆರಿಕದವರು ಜನರೇಟರು, ಮೋಟಾರು ಇಟ್ಟರು. ಗಟ್ಟಿ ಏರ್ಪಾಡು, ಆದರೆ ಭಾರ ಹೆಚ್ಚು.

ಜರ್ಮನರು ಬೇರೆ ದಾರಿ ಹಿಡಿದರು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಳ್ಳಿ. ಹರ್ಮನ್ ಫೋಟಿಂಗರ್ ಎಂಬವರು 1905ರಲ್ಲಿ ಹಡಗುಗಳಿಗಾಗಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1935ರಲ್ಲಿ ಅದನ್ನು 1400 ಅಶ್ವಶಕ್ತಿಯ ರೈಲು ಎಂಜಿನ್ನಿಗೆ ಅಳವಡಿಸಿದರು. ಅಷ್ಟರಲ್ಲಿ ಯುದ್ಧ ಬಂತು.

ಯುದ್ಧ ಮುಗಿದಾಗ ಸೇತುವೆ, ನಿಲ್ದಾಣ, ಹಳಿ ಎಲ್ಲವೂ ಹಾಳಾಗಿದ್ದವು. ಪಶ್ಚಿಮ ಜರ್ಮನಿಯ ರೈಲ್ವೆ ಬಹುಮಟ್ಟಿಗೆ ಕಲ್ಲಿದ್ದಲನ್ನೇ ನಂಬಿತ್ತು. ಆ ಕಾಲದಲ್ಲಿ, 1953ರಲ್ಲಿ, ಮ್ಯೂನಿಕ್‌ನ ಕ್ರಾಸ್-ಮಫೈ ಕಂಪನಿ ಕೆಂಪು ಬಣ್ಣದ ವಿ 200 ಅನ್ನು ಹೊರತಂದಿತು. ಮೊದಲು ಐದು ಮಾದರಿಗಳನ್ನು ಮಾಡಿ ಪರೀಕ್ಷಿಸಿದರು. 1956ರಿಂದ 1959ರವರೆಗೆ ಇನ್ನೂ 81 ಬಂದವು. ಅವುಗಳಲ್ಲಿ ಕೆಲವನ್ನು ಕೀಲ್ ನಗರದ ಮಾಕ್ ಕಂಪನಿ ಮಾಡಿತು.

ಇದರ ಹೊಟ್ಟೆಯಲ್ಲಿ ಎರಡು ಎಂಜಿನ್ನು. ಮಾದರಿಗಳಲ್ಲಿ ತಲಾ 1000, ಆಮೇಲಿನವುಗಳಲ್ಲಿ ತಲಾ 1100 ಅಶ್ವಶಕ್ತಿ. ಪ್ರತಿಯೊಂದು ಎಂಜಿನ್ನೂ ತನ್ನ ಪಾಲಿನ ಎರಡು ಅಚ್ಚುಗಳನ್ನು ತಿರುಗಿಸುತ್ತಿತ್ತು. ವೇಗ ಗಂಟೆಗೆ 140 ಕಿಲೋಮೀಟರ್. ತೂಕ ಸುಮಾರು 80 ಟನ್ ಮಾತ್ರ. 1962ರ ನಂತರ ಇಷ್ಟೇ ತೂಕದಲ್ಲಿ 2700 ಅಶ್ವಶಕ್ತಿಯ 50 ಎಂಜಿನ್ನುಗಳು ಬಂದವು. ನಮ್ಮ ದೇಶದ ತುಂಬ ಓಡಿದ ಡಬ್ಲ್ಯುಡಿಎಂ-2 ಎಂಜಿನ್ನಿನ ಶಕ್ತಿ 2600, ತೂಕ ಸುಮಾರು 113 ಟನ್. ಹೋಲಿಸಿ ನೋಡಿ.

ನಮ್ಮ ಶಾಖೆಯಲ್ಲಿ ಎರಡು ಕ್ಯಾಶ್ ಕೌಂಟರುಗಳಿದ್ದವು. ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಕೆಲಸ ಸಾಗಿಸುತ್ತಿದ್ದ. ವಿ 200ರದೂ ಹಾಗೆಯೇ. ಕಪ್ಪುಕಾಡಿನ ಏರುದಾರಿಯಲ್ಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲ ಕೈಯಲ್ಲಿರುತ್ತಿತ್ತು. ಕೆಟ್ಟದ್ದನ್ನು ಇಳಿಸಿ ಬೇರೆ ಕಂಪನಿಯದನ್ನೂ ಕೂರಿಸಬಹುದಿತ್ತು. ಬ್ರಿಟಿಷರು ಮೆಚ್ಚಿ, ತಮ್ಮ ಕಿರಿದಾದ ಸುರಂಗಗಳಿಗೆ ಹೊಂದುವಂತೆ ಇದೇ ವಿನ್ಯಾಸದ ಮೇಲೆ 1958ರಿಂದ 71 ಎಂಜಿನ್ನುಗಳನ್ನು ಮಾಡಿಕೊಂಡರು.

ಆದರೆ ಕೌಂಟರ್ ಎರಡಾದರೆ ಸಂಬಳವೂ ಎರಡು! ಇಲ್ಲಿ ಎಂಜಿನ್ ಎರಡು, ಎಣ್ಣೆಯ ಯಂತ್ರ ಎರಡು, ರಿಪೇರಿಯೂ ಎರಡರಷ್ಟು. ಮುಂದೆ ಒಂದೇ ಎಂಜಿನ್ನಿನಲ್ಲಿ 2500 ಅಶ್ವಶಕ್ತಿ ಸಿಗುವಂತಾಯಿತು. ಇನ್ನೊಂದು ವಿಷಯ. ಚಳಿಗಾಲದಲ್ಲಿ ಬೋಗಿಗಳನ್ನು ಉಗಿಯಿಂದ ಬೆಚ್ಚಗಿಡುತ್ತಿದ್ದ ಕಾಲವದು. ಆದ್ದರಿಂದ ಉಗಿಬಂಡಿಯನ್ನು ಮನೆಗೆ ಕಳಿಸಲು ಬಂದ ವಿ 200 ತಾನೇ ಒಂದು ಸಣ್ಣ ಬಾಯ್ಲರ್ ಹೊತ್ತು ತಿರುಗುತ್ತಿತ್ತು. ಬೋಗಿಗಳಿಗೆ ವಿದ್ಯುತ್ ಬಂದಾಗ ಆ ಬಾಯ್ಲರ್ ಹಳೆಯದಾಯಿತು. ಮುಖ್ಯ ದಾರಿಗಳ ಮೇಲೆ ವಿದ್ಯುತ್ ತಂತಿ ಬಂತು. ಕಪ್ಪುಕಾಡಿಗೂ 1970ರ ದಶಕದಲ್ಲಿ ಬಂತು. ಕೆಂಪು ಬಂಡಿಗಳು ಸಣ್ಣ ದಾರಿಗಳಿಗೆ ಸರಿದವು. ಪಶ್ಚಿಮ ಜರ್ಮನಿಯ ರೈಲ್ವೆಯಲ್ಲಿ ಮೊದಲ ತಂಡದ ಸೇವೆ 1984ರಲ್ಲಿ, ಎರಡನೆಯದರದ್ದು 1988ರಲ್ಲಿ ಮುಗಿಯಿತು. ಬ್ರಿಟನ್ನಿನವು 1972ರಲ್ಲೇ ನಿಂತಿದ್ದವು. ನಮ್ಮ ಗುತ್ತಿಯ ಎಂಟೂ ಈಗಿಲ್ಲ.

ಹಾಗಾದರೆ ಜರ್ಮನರ ಲೆಕ್ಕ ತಪ್ಪಿತೇ? ನಾನು ಹಾಗೆ ಹೇಳಲಾರೆ. ಒಂದು ಭಾರಿ ಎಂಜಿನ್ ಇಲ್ಲದ ಕಾಲದಲ್ಲಿ ಎರಡು ಹಗುರ ಎಂಜಿನ್ನುಗಳನ್ನು ಜೋಡಿಸಿ, ಬಿದ್ದ ದೇಶದ ರೈಲನ್ನು ಮೂವತ್ತು ವರ್ಷ ಎಳೆದರು. ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಾನು ಬರೆದ ಲೆಡ್ಜರುಗಳನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರು. ಅವತ್ತು ನನಗೂ ನೋವಾಯಿತು. ಆದರೆ ಆ ಪುಟಗಳ ಕೂಡಿಕೆ ಇವತ್ತು ತೆಗೆದು ನೋಡಿದರೂ ಸರಿಯಾಗಿಯೇ ಇರುತ್ತದೆ. ಜರ್ಮನಿಯಲ್ಲಿ ಕೆಲವು ವಿ 200ಗಳನ್ನು ಆಸಕ್ತರು ಇಂದಿಗೂ ಒರೆಸಿ, ಎಣ್ಣೆ ಹಾಕಿ, ಜೋಪಾನ ಮಾಡಿದ್ದಾರೆ. ಮುಗಿದ ಲೆಕ್ಕಕ್ಕೂ ಬೆಲೆ ಇದೆ ಎಂದು ತಿಳಿದವರು ಅವರು.