ಮಳವಳ್ಳಿಯ ಡಾಕ್ಟ್ರು ಸಾಬ್ರು

(ಮಂಡ್ಯದ ಸ್ಮರಣ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ತಂದೆಯವರ ಕುರಿತು ಮಾತನಾಡಲು ಕರೆದಿದ್ದೀರಿ. ತಂದೆಯನ್ನು ಮಗ ಹೊಗಳುವುದು ಸುಲಭ, ಅದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮಳವಳ್ಳಿಯಲ್ಲಿ ಅವರದು ಒಂದೇ ಕೋಣೆಯ ಕ್ಲಿನಿಕ್. ಒಂದು ಬೆಂಚು, ಪರದೆಯ ಹಿಂದೊಂದು ಮಂಚ, ಗಾಜಿನ ಸೀಸೆಗಳಲ್ಲಿ ಕೆಂಪು ಮಿಕ್ಸ್‌ಚರ್. ಸೀಸೆಗೆ ಅಂಟಿಸಿದ ಕಾಗದದ ಪಟ್ಟಿಯ ಕಚ್ಚುಗಳನ್ನು ನೋಡಿಯೇ ಅಕ್ಷರ ಬಾರದವರೂ ಹೊತ್ತುಹೊತ್ತಿನ ಅಳತೆ ತಿಳಿಯುತ್ತಿದ್ದರು. ಸುತ್ತಲ ಹಳ್ಳಿಗಳ ಒಕ್ಕಲಿಗರು, ದಲಿತರೇ ಹೆಚ್ಚಾಗಿ ಬರುತ್ತಿದ್ದರು. ಅವರ ಬಾಯಲ್ಲಿ ತಂದೆಯವರು ‘ಡಾಕ್ಟ್ರು ಸಾಬ್ರು’. ಕಬ್ಬಿನ ಹಣ ಕೈಗೆ ಬರುವವರೆಗೆ ಫೀಸು ಸಾಲ. ಕೆಲವೊಮ್ಮೆ ಹಣದ ಬದಲು ಆಲೆಮನೆಯ ಬೆಲ್ಲದ ಅಚ್ಚುಗಳೇ ಬರುತ್ತಿದ್ದವು. ಸಕ್ಕರೆ ಕಾಯಿಲೆಯಿದ್ದ ತಂದೆಯವರು ಅವನ್ನು ಮುಟ್ಟುವಂತಿರಲಿಲ್ಲ; ಮಕ್ಕಳಾದ ನಾವು ಮುಗಿಸುತ್ತಿದ್ದೆವು. ಮಂಡ್ಯದಲ್ಲಿ ‘ಐದು ರೂಪಾಯಿ ಡಾಕ್ಟರ್’ ಎಂದೇ ಹೆಸರಾದ ಡಾ. ಶಂಕರೇಗೌಡರ ಮಾತು ಬಂದಾಗ, “ನನಗೆ ಅಷ್ಟು ದೊಡ್ಡ ಮನಸ್ಸಿಲ್ಲಪ್ಪ, ಅಂಗಡಿ ಬಾಡಿಗೆ ಕಟ್ಟಬೇಕಲ್ಲ” ಎಂದು ನಗುತ್ತಿದ್ದರು.

ನಾನು ಮದ್ರಸದಿಂದ ರಜೆಗೆ ಬಂದಿದ್ದ ಒಂದು ಸಂಜೆ, ಮದ್ದೂರಿನ ಬಂಧುವೊಬ್ಬರು ಬಂದರು. (ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ.) ಅವರಿಗೆ ಮೂವರು ಹೆಣ್ಣುಮಕ್ಕಳು, ಪತ್ನಿ ಮತ್ತೆ ಗರ್ಭಿಣಿ. ದನಿ ತಗ್ಗಿಸಿ, “ಭಾಯಿಜಾನ್, ಸ್ಕ್ಯಾನಿಂಗಿಗೆ ಎಲ್ಲಾದರೂ ಒಂದು ಚೀಟಿ ಬರೆದುಕೊಡಿ. ಸುಮ್ಮನೆ ನೋಡುವುದಕ್ಕಷ್ಟೇ” ಎಂದರು.

“ನೋಡುವುದಕ್ಕಷ್ಟೇ ಆದರೆ ಆರು ತಿಂಗಳು ತಾಳು. ಖರ್ಚಿಲ್ಲದೆ ನೋಡಬಹುದು” ಎಂದರು ತಂದೆ.

ಬಂಧುಗಳು ಮುಂದಿಟ್ಟ ಚಹಾ ಮುಟ್ಟದೆ ಎದ್ದು ಹೋದರು. ಎರಡು ವರ್ಷ ಈದ್‌ಗೂ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. “ಬೇರೆ ಡಾಕ್ಟರ ಹೆಸರನ್ನಾದರೂ ಹೇಳಿ ಕಳುಹಿಸಬಾರದಿತ್ತೇ?” ಎಂದು ಅಮ್ಮಿ ಬೇಸರಪಟ್ಟರು. ಒಳಗೊಳಗೇ ನಾನೂ ಅಮ್ಮಿಯ ಪಕ್ಷವೇ. ಜಾಹಿಲಿಯ್ಯಾ ಕಾಲದ ಅರಬರು ಹೆಣ್ಣು ಶಿಶುಗಳನ್ನು ಜೀವಂತ ಹೂಳುತ್ತಿದ್ದರೆಂದು ಪಾಠ ಓದಿ ಬಂದಿದ್ದವನಿಗೆ, ಆ ಪಾಠಕ್ಕೂ ನಮ್ಮ ಪಡಸಾಲೆಗೂ ಸಂಬಂಧವಿದೆಯೆಂದು ಹೊಳೆಯಲೇ ಇಲ್ಲ.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1994ರಲ್ಲಿ. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲವೊಂದರ ತನಿಖೆಯಲ್ಲಿ, ಇದೇ ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಗರ್ಭಿಣಿಯರ ಸ್ಕ್ಯಾನಿಂಗ್ ನಡೆಸುತ್ತಿದ್ದುದು ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಇದ್ದರು. ಆ ಸುದ್ದಿ ಓದಿದಾಗ ನಮ್ಮ ಮನೆಗೆ ಬರುತ್ತಿದ್ದ ಬೆಲ್ಲ ನೆನಪಾಗಿ ಬಾಯಿ ಕಹಿಯಾಯಿತು.

ಅದು ಗದ್ದೆ ತೋಟ ಉಳ್ಳವರ ರೋಗ, ನಮ್ಮದಲ್ಲ ಎಂದು ನಮ್ಮ ಮೊಹಲ್ಲಾಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನಿಕಾಹ್‌ಗೆ ಮುನ್ನ ಬೈಕು, ಬಂಗಾರದ ಪಟ್ಟಿ ಕಳುಹಿಸುವವರು ಯಾರು? ಮದ್ದೂರಿನ ಆ ಬಂಧು ಕೇಳಿದ ಚೀಟಿಯ ಮೊದಲ ಸಾಲನ್ನು ಬರೆದವರು ಅವರೇ.

ತಂದೆಯವರ ಜನಾಝದ ದಿನ ಅವರು ನಾಲ್ಕನೆಯ ಮಗಳನ್ನು ಕರೆದುಕೊಂಡು ಬಂದಿದ್ದರು. ನೆರೆಮನೆಯವರು ತಂದ ಚಹಾವನ್ನು ಬಂದವರಿಗೆಲ್ಲ ಆಕೆಯೇ ಹಂಚಿದಳು. ಅವರು ಲೋಟ ಹಿಡಿದು ಬಹಳ ಹೊತ್ತು ಕುಳಿತಿದ್ದರು, ಆಮೇಲೆ ಕುಡಿದರು.