ಲ್ಯಾಬಿನ ಗಣಕಯಂತ್ರದಲ್ಲಿ ಉಳಿಯುವ ಶೋಧ ಇತಿಹಾಸ



ಗಣಕಯಂತ್ರವನ್ನು ಬಳಸುವ ಕ್ರಮವನ್ನು ತಾವೆಲ್ಲರೂ ತರಬೇತಿಗಳಲ್ಲಿ ಕಲಿತಿದ್ದೀರಿ. ಬಳಸಿ ಎದ್ದುಹೋದ ಮೇಲೆ ಅದರಲ್ಲಿ ಏನು ಉಳಿಯುತ್ತದೆ ಎಂಬುದರ ಕಡೆಗೆ ಮಾತ್ರ ನಮ್ಮ ಗಮನ ಕಡಿಮೆ. ಬ್ರೌಸರಿನಲ್ಲಿ ‘ಇತಿಹಾಸ’ವೆಂದು ಕರೆಯಲ್ಪಡುವ ದಾಖಲೆಯಲ್ಲಿ ನಾವು ಪಾಠ ಹೇಳುವ ಅರಸರೂ ಯುದ್ಧಗಳೂ ಇಲ್ಲ, ನಿನ್ನೆಯ ಮೂರನೆಯ ಪಿರಿಯಡಿನಲ್ಲಿ ಒಂದು ಮಗು ಏನನ್ನು ಕೇಳಿತು ಎಂಬುದಿದೆ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿರುವ ಶಾಲೆಯನ್ನು ನೆನೆಯೋಣ. ಲ್ಯಾಬು ಒಂದೇ. ಮಲಯಾಳದಲ್ಲಿ ಟೈಪಿಸಿದ ಪ್ರಶ್ನೆ ನೂರಾರು ಮಕ್ಕಳ ನಡುವೆ ಗುರುತಿಲ್ಲದೆ ಕರಗಿಹೋಗುತ್ತದೆ. ಕನ್ನಡ ವಿಭಾಗದಲ್ಲಿ ಹನ್ನೊಂದೇ ಮಕ್ಕಳಿದ್ದು, ಅವರಲ್ಲಿ ಹುಡುಗಿಯರು ನಾಲ್ವರಾದರೆ, ‘ಮುಟ್ಟಿನ ಹೊಟ್ಟೆನೋವು’ ಎಂದು ಕನ್ನಡ ಲಿಪಿಯಲ್ಲಿ ಉಳಿದ ಒಂದು ಸಾಲು ಬಹುತೇಕ ಹೆಸರನ್ನೇ ಹೇಳಿಬಿಡುತ್ತದೆ. ಮರುದಿನ ಅದೇ ಯಂತ್ರದ ಮುಂದೆ ಕುಳಿತ ಸಹಪಾಠಿ ‘ಮು’ ಎಂದು ಒತ್ತಿದೊಡನೆ ವಿಳಾಸಪಟ್ಟಿಯು ಉಳಿದುದನ್ನು ತಾನೇ ತುಂಬಿ ತೋರಿಸೀತು. ಒಮ್ಮೆ ನಗೆಗೀಡಾದ ಮಗು ಮತ್ತೆ ಕನ್ನಡದಲ್ಲಿ ಹುಡುಕಲು ಹಿಂಜರಿಯುತ್ತದೆ. ಅಂತರ್ಜಾಲದಲ್ಲಿ ಮಕ್ಕಳು ಕನ್ನಡ ಬಳಸುತ್ತಿಲ್ಲವೆಂದು ನಾವು ಕೊರಗುವಾಗ ಈ ಸಣ್ಣ ಕಾರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೇರಳದ ಶಾಲೆಗಳ ಲ್ಯಾಬುಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ ಲಿನಕ್ಸ್ ಇದೆ, ಅದರಲ್ಲಿ ಫೈರ್‌ಫಾಕ್ಸ್ ಇದೆ. ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸುವ ಕಿಟಕಿ ತೆರೆದುಕೊಳ್ಳುತ್ತದೆ. ಕ್ರೋಮಿನಲ್ಲಿಯೂ ಇವೇ ಕೀಲಿಗಳು. ಅಲ್ಲಿ ಕಾಲಾವಧಿಯನ್ನು ನೋಡದೆ ಒಪ್ಪಿಗೆ ಒತ್ತಬಾರದು. ಅನೇಕ ವೇಳೆ ಅದು ಕೊನೆಯ ಒಂದು ಗಂಟೆ ಎಂದಷ್ಟೇ ಇರುತ್ತದೆ, ಬೆಳಗಿನ ತರಗತಿಯ ಶೋಧಗಳೆಲ್ಲ ಹಾಗೆಯೇ ಉಳಿಯುತ್ತವೆ. ಒಂದೇ ಸಾಲನ್ನು ತೆಗೆಯಬೇಕಾದರೆ, ವಿಳಾಸಪಟ್ಟಿಯ ಕೆಳಗೆ ಕಾಣುವ ಆ ಸಾಲಿಗೆ ಬಾಣದ ಕೀಲಿಯಿಂದ ಇಳಿದು ಶಿಫ್ಟ್ ಮತ್ತು ಡಿಲೀಟ್ ಒತ್ತಿದರೆ ಸಾಕು. ಇದಕ್ಕಿಂತಲೂ ಮೇಲಾದ ಉಪಾಯವೆಂದರೆ, ಫೈರ್‌ಫಾಕ್ಸಿನ ಗೌಪ್ಯತೆಯ ಸೆಟ್ಟಿಂಗಿನಲ್ಲಿ ಮುಚ್ಚಿದಾಗಲೆಲ್ಲ ಇತಿಹಾಸ ಅಳಿಯುವಂತೆ ಒಮ್ಮೆ ಗುರುತು ಹಾಕಿಡುವುದು. ಡೌನ್‌ಲೋಡ್ ಪಟ್ಟಿ ಅಳಿದರೂ ಇಳಿಸಿಕೊಂಡ ಕಡತಗಳು ಅಳಿಯುವುದಿಲ್ಲ. ಅವನ್ನು ಬೇರೆಯಾಗಿಯೇ ತೆಗೆಯಬೇಕು.

ಯಂತ್ರದಲ್ಲಿ ಅಳಿದದ್ದು ಎಲ್ಲೆಡೆಯೂ ಅಳಿಯಿತೆಂದು ಭಾವಿಸಬಾರದು. ಗೂಗಲ್ ಖಾತೆಯಿಂದ ಲಾಗಿನ್ ಆಗಿ ಹುಡುಕಿದ್ದರೆ ಖಾತೆಯ ‘ನನ್ನ ಚಟುವಟಿಕೆ’ ಪುಟದಲ್ಲಿಯೂ ದಾಖಲೆ ಇರಬಹುದು. ಅಲ್ಲಿ 3, 18 ಅಥವಾ 36 ತಿಂಗಳಿಗಿಂತ ಹಳೆಯದಾದ ದಾಖಲೆ ತಾನಾಗಿ ಅಳಿಯುವ ಏರ್ಪಾಡುಂಟು. ತಮ್ಮ ಸ್ವಂತ ಖಾತೆಯನ್ನು ಲ್ಯಾಬಿನಲ್ಲಿ ತೆರೆದಿಟ್ಟು ತರಗತಿ ನಡೆಸುವ ಅಧ್ಯಾಪಕರಂತೂ ಇದನ್ನು ಮರೆಯಲೇಬಾರದು, ಏಕೆಂದರೆ ಆಗ ಮಕ್ಕಳ ಶೋಧವೆಲ್ಲ ಅಧ್ಯಾಪಕರ ಖಾತೆಗೆ ಸೇರುತ್ತದೆ. ಖಾಸಗಿ ಕಿಟಕಿಯೂ ಅದೃಶ್ಯವಾಗುವ ಅಂಜನವಲ್ಲ: ಅದು ಈ ಯಂತ್ರದಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೇ, ಯಾವ ತಾಣಗಳಿಗೆ ಹೋದೆವೆಂಬುದು ಜಾಲವನ್ನು ನಿರ್ವಹಿಸುವವರಿಗೆ ಗೋಚರಿಸಬಹುದು.

ಮಕ್ಕಳು ಏನು ಹುಡುಕುತ್ತಾರೆಂದು ಅಧ್ಯಾಪಕರು ನೋಡುತ್ತಿರಬೇಡವೇ ಎಂದು ತಾವು ಕೇಳಬಹುದು. ತರಗತಿಯಲ್ಲಿ ಬೆನ್ನ ಹಿಂದೆ ನಿಂತು ನೋಡುವುದು ಮೇಲ್ವಿಚಾರಣೆ; ಸಂಜೆ ಒಬ್ಬರೇ ಕುಳಿತು ಪಟ್ಟಿಯನ್ನು ಓದುವುದು ಬೇರೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮಗುವಿನ ಕ್ಷೇಮದ ಬಗ್ಗೆ ನಿಜವಾದ ಭಯ ಹುಟ್ಟಿಸುವ ಶೋಧವು ಕಣ್ಣಿಗೆ ಬಿದ್ದಲ್ಲಿ ಮಾತು ಬೇರೆ. ಆಗ ತರಗತಿಯ ಮುಂದೆ ಓದಿ ಹೇಳದೆ, ಮಗುವಿನೊಡನೆ ಏಕಾಂತದಲ್ಲಿ ಮಾತನಾಡತಕ್ಕದ್ದು.

ಅಳಿಸುವ ಮುನ್ನ ಒಂದು ಕೆಲಸ ಬಾಕಿಯಿದೆ. ಪ್ರಯಾಸಪಟ್ಟು ಕಂಡುಕೊಂಡ ಕನ್ನಡ ಪುಟಗಳು, ಉದಾಹರಣೆಗೆ ವಿಕಿಪೀಡಿಯದ ಲೇಖನವೋ ‘ಕಣಜ’ದ ಪಾಠವೋ, ಇತಿಹಾಸದೊಡನೆ ಕಳೆದುಹೋಗುತ್ತವೆ. ಕ್ರೋಮಿನಲ್ಲಿ ಅಳಿಸದಿದ್ದರೂ ಇತಿಹಾಸ ಯಂತ್ರದಲ್ಲಿ ನಿಲ್ಲುವುದು ಸುಮಾರು 90 ದಿನ. ಆದ್ದರಿಂದ ಅವನ್ನು ಬುಕ್‌ಮಾರ್ಕ್ ಮಾಡಿ, ‘ಏಳನೆಯ ತರಗತಿ, ವಿಜ್ಞಾನ’ ಎಂಬಂತೆ ಕನ್ನಡದಲ್ಲಿಯೇ ಹೆಸರಿಟ್ಟ ಫೋಲ್ಡರಿನಲ್ಲಿ ಇಡಿರಿ. ಇತಿಹಾಸ ಅಳಿಸಿದರೂ ಬುಕ್‌ಮಾರ್ಕುಗಳು ಅಳಿಯುವುದಿಲ್ಲ.